‘ಇಲ್‌ನೆಸ್’ ಅಂದರೆ ಇಲ್ಲಿ ಕಾಯಿಲೆ ಅಲ್ಲ

ಪ್ರಶ್ನೆ: ಮೇಡಂ, ನಾನು ದಾಸರಹಳ್ಳಿಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಈಗ ಬಿ.ಎ. ಎರಡನೇ ವರ್ಷ, ಇಂಗ್ಲಿಷ್ ಸಾಹಿತ್ಯ ತಗೊಂಡಿದ್ದೇನೆ. ಈ ಸಲ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕ ಇದೆ. ಕಷ್ಟದ ಪದಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ, ಡಿಕ್ಷನರಿ ನೋಡಿ ಅರ್ಥ ಬರೆದು, ಬಾಯಿಪಾಠ ಮಾಡುತ್ತಿದ್ದೇನೆ. ಎರಡನೇ ಅಂಕ ಮುಗಿಯುವಷ್ಟರಲ್ಲಿ 612 ಪದ ಆಗಿವೆ. ಇವತ್ತು ಕಲಿತಿದ್ದು ನಾಳೆಗೆ ಇರುವುದಿಲ್ಲ. ಕೆಲವು ಕಡೆ ಪದಗಳೆಲ್ಲ ಗೊತ್ತಿದ್ದರೂ ಸಾಲು ಅರ್ಥ ಆಗುವುದಿಲ್ಲ. ಮೊದಲ ದೃಶ್ಯದಲ್ಲೇ ‘ಪ್ಯಾಡಕ್ ಕಾಲ್ಸ್’ ಅಂತ ಇದೆ. ಪ್ಯಾಡಕ್ ಅಂದರೆ ಕುದುರೆ ಬಿಡುವ ಬಯಲು ಅನ್ನುತ್ತದೆ ಡಿಕ್ಷನರಿ. ಬಯಲು ಹೇಗೆ ಕರೆಯುತ್ತದೆ? ಪರೀಕ್ಷೆಗೆ ಎರಡೂವರೆ ತಿಂಗಳಿದೆ. ಇಂಗ್ಲಿಷ್ ಮೀಡಿಯಂನವರ ಮುಂದೆ ನಾನು ಹಿಂದೆ ಬೀಳುತ್ತೇನಾ?

ಉತ್ತರ: ಮೊದಲು ನಿಮ್ಮ ಬಯಲಿನ ವಿಷಯ ಮುಗಿಸೋಣ. ಪ್ಯಾಡಕ್ ಅಂದರೆ ಇಲ್ಲಿ ಕಪ್ಪೆ, ನೆಲಗಪ್ಪೆ. ರೇಸ್‌ಕೋರ್ಸಿನಲ್ಲಿ ಕುದುರೆ ನಿಲ್ಲಿಸುವ ಪ್ಯಾಡಕ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಎರಡೂ ಬೇರೆ ಬೇರೆ ಪದಗಳು, ಕಾಗುಣಿತ ಮಾತ್ರ ಒಂದೇ. ಆ ದೃಶ್ಯದಲ್ಲಿ ಮಾಟಗಾತಿಯರಿದ್ದಾರೆ. ಒಬ್ಬಳಿಗೆ ಬೆಕ್ಕು ಕರೆಯುತ್ತದೆ, ಇನ್ನೊಬ್ಬಳಿಗೆ ಕಪ್ಪೆ ಕರೆಯುತ್ತದೆ. ಅವು ಅವರ ಜೊತೆಗಿರುವ ದೆವ್ವಗಳು. ಕರೆದ ಕೂಡಲೇ ‘ಅನಾನ್’ ಅನ್ನುತ್ತಾರೆ. ಅಂದರೆ ‘ಬಂದೆ ಬಂದೆ’.

‘ಬಯಲು ಹೇಗೆ ಕರೆಯುತ್ತದೆ’ ಅಂತ ಕೇಳಿದಿರಲ್ಲ, ಅದು ನನಗೆ ಬಹಳ ಇಷ್ಟವಾಯಿತು. ಡಿಕ್ಷನರಿ ಹೇಳಿದ್ದನ್ನು ಸಾಲಿನ ಪಕ್ಕ ಇಟ್ಟು ನೋಡಿ, ಕೂಡಿಬರುತ್ತಿಲ್ಲ ಅಂತ ಅನುಮಾನ ಪಟ್ಟಿದ್ದೀರಿ. ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ಆ ಅನುಮಾನ ಬಂದ ಮಕ್ಕಳು ದಾಟಿಕೊಂಡಿದ್ದಾರೆ. 612 ಪದ ಗಟ್ಟಿ ಹೊಡೆದವರು ನಡುವೆ ಸುಸ್ತಾಗಿದ್ದಾರೆ. ಹಾಗಾಗಿ ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಡಿ. ಎಸೆಯಬೇಡಿ, ಬೇಕಾಗುತ್ತದೆ.

ಪಟ್ಟಿ ಯಾಕೆ ತಲೆಯಲ್ಲಿ ನಿಲ್ಲುವುದಿಲ್ಲ ಅಂತ ಹೇಳುತ್ತೇನೆ. ಜರ್ಮನಿಯ ಎಬಿಂಗ್‌ಹೌಸ್ ಅನ್ನುವವರು ಮರೆವಿನ ಬಗ್ಗೆ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪುಸ್ತಕ ತಂದರು. ಅರ್ಥವೇ ಇಲ್ಲದ ತುಂಡು ಶಬ್ದಗಳನ್ನು ಸಾಲುಸಾಲಾಗಿ ಬಾಯಿಪಾಠ ಮಾಡಿದರು. ಎಷ್ಟು ಬೇಗ ಮರೆತುಹೋಗುತ್ತದೆ ಅಂತ ಲೆಕ್ಕ ಇಟ್ಟರು. ಜೊತೆಗೆ ಒಂದು ಇಂಗ್ಲಿಷ್ ಕಾವ್ಯದ ಪದ್ಯಗಳನ್ನೂ ಬಾಯಿಪಾಠ ಮಾಡಿ ನೋಡಿದರು. ಅರ್ಥವಿರುವ ಪದ್ಯಕ್ಕೆ ಬೇಕಾದ ಶ್ರಮ ಸುಮಾರು ಹತ್ತರಲ್ಲಿ ಒಂದು ಭಾಗ. ನಿಮ್ಮ ನೋಟ್‌ಬುಕ್ಕಿನಲ್ಲಿ ಎಡಗಡೆ ಒಂದು ಪದ, ಬಲಗಡೆ ಒಂದು ಪದ ಇದೆ. ಯಾರು ಯಾರಿಗೆ ಹೇಳಿದರು, ಯಾಕೆ ಹೇಳಿದರು ಅನ್ನುವುದು ಇಲ್ಲ. ಒಳ್ಳೆಯ ಕಾವ್ಯವನ್ನು ಪುಡಿ ಮಾಡಿ ನೀವೇ ಅರ್ಥವಿಲ್ಲದ ತುಂಡುಗಳನ್ನಾಗಿ ಮಾಡಿಕೊಂಡಿದ್ದೀರಿ, ಅಲ್ವಾ?

ಈಗ ಪಟ್ಟಿ ತೆಗೆಯಿರಿ. ಅದರಲ್ಲಿರುವ ಪದಗಳೆಲ್ಲ ಒಂದೇ ಜಾತಿಯವಲ್ಲ.

ಕೆಲವು ಆ ಕಾಲದ ವಸ್ತುಗಳ ಹೆಸರು. ‘ಪಾಸೆಟ್’ ಅನ್ನುವುದು ಬಿಸಿ ಹಾಲಿಗೆ ಮದ್ಯ ಬೆರೆಸಿ ಒಡೆಸಿ, ಮಸಾಲೆ ಹಾಕಿ ರಾತ್ರಿ ಮಲಗುವ ಮುಂಚೆ ಕುಡಿಯುತ್ತಿದ್ದ ಪಾನೀಯ. ಮ್ಯಾಕ್‌ಬೆತ್‌ನ ಹೆಂಡತಿ ಲೇಡಿ ಮ್ಯಾಕ್‌ಬೆತ್, ಗಂಡ ರಾಜನನ್ನು ಕೊಲ್ಲಲಿ ಅಂತ, ರಾಜನ ಕಾವಲಿನವರಿಗೆ ಅದರಲ್ಲೇ ಮತ್ತು ಬರುವ ಔಷಧಿ ಬೆರೆಸಿ ಕೊಡುತ್ತಾಳೆ. ‘ಕರ್ನ್’, ‘ಗ್ಯಾಲೋಗ್ಲಾಸ್’ ಅಂದರೆ ಎರಡು ಬಗೆಯ ಕೂಲಿ ಸೈನಿಕರು. ಮಾಟಗಾತಿಯರ ಕಡಾಯಿಯಲ್ಲಿ ಬೇಯುವ ಹುಳ, ಹಲ್ಲಿ, ಬಾಲ, ಕಾಲುಗಳ ಹೆಸರು ಒಂದು ಪುಟವೇ ಇದೆ. ಇವಕ್ಕೆಲ್ಲ ಟಿಪ್ಪಣಿ ನೋಡಿ, ‘ಓಹೋ’ ಅಂದುಕೊಂಡು ಮುಂದೆ ಹೋಗಿ. ನೆನಪಿಡಬೇಕಾಗಿಲ್ಲ. ಕನ್ನಡ ಪದವನ್ನಂತೂ ಹುಡುಕಲೇಬೇಡಿ, ಅಲ್ಲಿ ಅರ್ಧ ದಿನ ಹೋಗುತ್ತದೆ. ನಿಮ್ಮ 612ರಲ್ಲಿ ಇಂಥವೇ ಅರ್ಧಕ್ಕರ್ಧ ಇರುತ್ತವೆ ಅಂತ ನನ್ನ ಅಂದಾಜು.

ಮೋಸ ಮಾಡುವ ಪದಗಳು ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಯಾಕೆಂದರೆ ಅವು ನಿಮಗೆ ಗೊತ್ತು, ಅಥವಾ ಗೊತ್ತು ಅಂದುಕೊಂಡಿದ್ದೀರಿ.

ನನ್ನದೇ ಕತೆ ಹೇಳುತ್ತೇನೆ. ನಾನೂ ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿಗೆ ಬಂದವಳು. ಲೇಡಿ ಮ್ಯಾಕ್‌ಬೆತ್ ಗಂಡನ ಕಾಗದ ಓದಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ದೃಶ್ಯ ಬರುತ್ತದಲ್ಲ, ಮೊದಲ ಅಂಕದ ಐದನೆಯದು? ನಿನಗೆ ಆಸೆ ಇಲ್ಲದೆ ಇಲ್ಲ, ಆದರೆ ಅದರ ಜೊತೆಗಿರಬೇಕಾದ ‘ಇಲ್‌ನೆಸ್’ ಇಲ್ಲ ಅನ್ನುತ್ತಾಳೆ. ನಾನು ಟೆಸ್ಟಿನಲ್ಲಿ, ಮ್ಯಾಕ್‌ಬೆತ್ ಆರೋಗ್ಯವಾಗಿದ್ದ, ಅವನಿಗೆ ಯಾವ ಕಾಯಿಲೆಯೂ ಇರಲಿಲ್ಲ ಅಂತ ಬರೆದೆ. ಪಾಠ ಮಾಡುವವರು ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಸರಿಯಾದ ಅರ್ಥ ಏನು ಅಂತ ಅವರೂ ಹೇಳಲಿಲ್ಲ. ‘ಇಲ್’ ಅಂದರೆ ಕೆಟ್ಟದ್ದು. ಹಾಗಾಗಿ ಇಲ್ಲಿ ‘ಇಲ್‌ನೆಸ್’ ಅಂದರೆ ಕೆಟ್ಟತನ, ಕಲ್ಲೆದೆ. ದೊಡ್ಡವನಾಗುವ ಆಸೆ ನಿನಗಿದೆ, ಅದಕ್ಕೆ ಬೇಕಾದ ಕೆಟ್ಟ ಗುಂಡಿಗೆ ಇಲ್ಲ ಅಂತ ಹೆಂಡತಿ ಬೇಜಾರು ಮಾಡಿಕೊಳ್ಳುತ್ತಿದ್ದಾಳೆ. ಇದನ್ನು ನಾನೇ ಲೈಬ್ರರಿಯಲ್ಲಿ ಕೂತು ಹುಡುಕಿಕೊಂಡೆ. ಇಷ್ಟು ವರ್ಷವಾದರೂ ಮರೆತಿಲ್ಲ ನೋಡಿ.

ಇಂಥವು ಎಷ್ಟಿವೆ ಅಂತೀರಿ! ತಾನೇ ಕೊಲ್ಲಿಸಿದ ಗೆಳೆಯ ಬ್ಯಾಂಕೋನ ದೆವ್ವಕ್ಕೆ ಮ್ಯಾಕ್‌ಬೆತ್, ನಿನ್ನ ಕಣ್ಣುಗಳಲ್ಲಿ ‘ಸ್ಪೆಕ್ಯುಲೇಷನ್’ ಇಲ್ಲ ಅನ್ನುತ್ತಾನೆ. ಇವತ್ತು ಬೆಂಗಳೂರಿನಲ್ಲಿ ಆ ಪದ ಕೇಳಿದರೆ ಶೇರು, ಸೈಟು ನೆನಪಾಗುತ್ತವೆ. ಅಲ್ಲಿ ಅದರ ಅರ್ಥ ನೋಟ, ದೃಷ್ಟಿ. ಕಣ್ಣು ತೆರೆದಿದೆ, ನೋಡುತ್ತಿಲ್ಲ. ಎಷ್ಟು ಭಯ ಹುಟ್ಟಿಸುವ ಮಾತು! ನಮ್ಮ ಕನ್ನಡಕಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಸ್ಪೆಕ್ಟಕಲ್ಸ್’ ಕೂಡ ಅದೇ ಬೇರಿನದು. ‘ರಿಮೋರ್ಸ್’ ಅಂದರೆ ಇವತ್ತು ಪಶ್ಚಾತ್ತಾಪ, ಲೇಡಿ ಮ್ಯಾಕ್‌ಬೆತ್ ಬಾಯಲ್ಲಿ ಕನಿಕರ. ‘ಮಾರ್ಟಲ್’ ಅಂದರೆ ಸಾಯುವಂಥದ್ದು ಅಂದುಕೊಳ್ಳುತ್ತೇವೆ, ಅವಳು ಹೇಳುವುದು ಸಾಯಿಸುವಂಥದ್ದು. ನಾಲ್ಕನೇ ಅಂಕದಲ್ಲಿ ದುಃಖವನ್ನು ‘ಮಾಡರ್ನ್ ಎಕ್ಸ್ಟಸಿ’ ಅಂತ ಕರೆಯುತ್ತಾರೆ. ಆಧುನಿಕ ಆನಂದ ಅಂತ ಬರೆದ ಉತ್ತರ ಪತ್ರಿಕೆಗಳನ್ನು ನಾನು ಬೇಕಾದಷ್ಟು ತಿದ್ದಿದ್ದೇನೆ. ದೇಶದಲ್ಲಿ ಸಾವು ಎಷ್ಟು ಜಾಸ್ತಿ ಆಗಿದೆ ಅಂದರೆ, ಎದೆ ಬಡಿದುಕೊಂಡು ಅಳುವುದು ಕೂಡ ದಿನನಿತ್ಯದ ಸಾಮಾನ್ಯ ಸಂಗತಿ ಆಗಿಹೋಗಿದೆ ಅಂತ ಅದರ ಅರ್ಥ. ‘ಮಾಡರ್ನ್’ ಅಂದರೆ ಮಾಮೂಲಿ. ‘ಎಕ್ಸ್ಟಸಿ’ ಅಂದರೆ ಮೈಮರೆಸುವ ಉದ್ವೇಗ, ಅದು ಸುಖದ್ದೇ ಆಗಬೇಕಿಲ್ಲ.

ಇದೇನು ಇಂಗ್ಲಿಷಿಗೆ ಮಾತ್ರ ಬಂದ ರೋಗವಲ್ಲ. ಕುಮಾರವ್ಯಾಸನಲ್ಲಿ ‘ಅವಸರ’ ಅಂತ ಬಂದರೆ ಗಡಿಬಿಡಿ ಅಂತ ತಿಳಿಯಬಾರದು, ಸಮಯ ಸಂದರ್ಭ ಅಂತ ತಿಳಿಯಬೇಕು ಅನ್ನುವುದನ್ನು ನಿಮ್ಮ ಕನ್ನಡ ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ. ನೀವು ಆ ದಾರಿಯಲ್ಲಿ ಒಮ್ಮೆ ನಡೆದವರೇ. ಈ ನಾಟಕ ಸುಮಾರು 1606ರದ್ದು. ಅಚ್ಚಾಗಿದ್ದು 1623ರಲ್ಲಿ, ಶೇಕ್ಸ್‌ಪಿಯರ್ ತೀರಿಹೋಗಿ ಏಳು ವರ್ಷದ ಮೇಲೆ. ನಾನೂರು ವರ್ಷದ ಹಿಂದಿನ ಇಂಗ್ಲಿಷ್ ನಿಮ್ಮ ಕಾನ್ವೆಂಟ್ ಗೆಳತಿಯರಿಗೂ ಮನೆಮಾತಲ್ಲ. ಇನ್ನೂ ಹೇಳಬೇಕೆಂದರೆ, ಸುಲಭದ ಪದಗಳಲ್ಲಿ ಅವರೇ ಜಾಸ್ತಿ ಮೋಸ ಹೋಗುತ್ತಾರೆ. ‘ಸ್ಪೆಕ್ಯುಲೇಷನ್’ ಅಂದ ಕೂಡಲೇ ಅವರು ನಿಲ್ಲುವುದೇ ಇಲ್ಲ. ನೀವು ನಿಲ್ಲುತ್ತೀರಿ.

ಹಾಗಾದರೆ ಈ ವೇಷ ಹಾಕಿದ ಪದಗಳನ್ನು ಹಿಡಿಯುವುದು ಹೇಗೆ? ಕಪ್ಪೆಯನ್ನು ಹಿಡಿದ ಹಾಗೇ. ಗೊತ್ತಿರುವ ಅರ್ಥವನ್ನು ಸಾಲಿಗೆ ಹಾಕಿ. ಸಾಲು ಪೆದ್ದುಪೆದ್ದಾಗಿ ಕಂಡರೆ ಬರೆದವನನ್ನು ಬೈಯಬೇಡಿ, ಪದವನ್ನು ಅನುಮಾನಿಸಿ. ಮೊಬೈಲಿನ ಅನುವಾದದ ಆ್ಯಪ್ ಇವತ್ತಿನ ಅರ್ಥವನ್ನಷ್ಟೇ ಕೊಡುತ್ತದೆ, ಈ ಕೆಲಸಕ್ಕೆ ಅದನ್ನು ನಂಬಬೇಡಿ. ಶೇಕ್ಸ್‌ಪಿಯರನಿಗಾಗಿಯೇ ಮಾಡಿದ ಪದಕೋಶಗಳಿವೆ. 1911ರಲ್ಲಿ ಸಿ.ಟಿ. ಆನಿಯನ್ಸ್ ಅನ್ನುವವರು ಒಂದನ್ನು ಮಾಡಿದರು. ಹೌದು, ಈರುಳ್ಳಿಯ ಹೆಸರಿನವರೇ. ಕ್ಲಾಸಿನಲ್ಲಿ ಈ ಹೆಸರು ಹೇಳಿದಾಗಲೆಲ್ಲ ಐದು ನಿಮಿಷ ಪಾಠ ನಿಂತುಹೋಗುತ್ತಿತ್ತು. ಈಗಿನವರಿಗೆ ಡೇವಿಡ್ ಕ್ರಿಸ್ಟಲ್ ಮತ್ತು ಬೆನ್ ಕ್ರಿಸ್ಟಲ್ ಮಾಡಿದ ಪದಕೋಶ ಇಂಟರ್‌ನೆಟ್ಟಿನಲ್ಲೇ ಸಿಗುತ್ತದೆ. ಅಮೆರಿಕದ ಫೋಲ್ಜರ್ ಲೈಬ್ರರಿಯವರು ನಾಟಕದ ಪಠ್ಯವನ್ನೂ ಪುಕ್ಕಟೆ ಇಟ್ಟಿದ್ದಾರೆ. ಅವರ ಅಚ್ಚಾದ ಪುಸ್ತಕದಲ್ಲಿ ಬಲಗಡೆ ನಾಟಕ, ಎಡಗಡೆ ಪುಟದಲ್ಲಿ ಟಿಪ್ಪಣಿ. ಅವೆನ್ಯೂ ರಸ್ತೆಯಲ್ಲೋ ಚರ್ಚ್ ಸ್ಟ್ರೀಟಿನಲ್ಲೋ ಹಳೇ ಪ್ರತಿ ಸಿಕ್ಕರೆ ತಗೊಂಡುಬಿಡಿ. ಬರೀ ಸಾರಾಂಶ ಇರುವ ಗೈಡಿಗೆ ಕೊಡುವ ದುಡ್ಡು ಇದಕ್ಕೆ ಕೊಡಿ.

ಪದಗಳೆಲ್ಲ ಗೊತ್ತಿದ್ದೂ ಸಾಲು ಅರ್ಥ ಆಗುವುದಿಲ್ಲ ಅಂದಿರಿ. ಅದಕ್ಕೆ ನಿಮ್ಮ ಕನ್ನಡ ಪಾಠದಲ್ಲೇ ಮದ್ದಿದೆ. ಹೈಸ್ಕೂಲಿನಲ್ಲಿ ಹಳಗನ್ನಡದ ಪದ್ಯ ಬಂದಾಗ ಏನು ಮಾಡಿಸುತ್ತಿದ್ದರು? ಮೊದಲು ಪದ ಬಿಡಿಸುವುದು, ಆಮೇಲೆ ಅನ್ವಯ ಮಾಡುವುದು, ಆಮೇಲೆ ತಾತ್ಪರ್ಯ. ಕರ್ತೃ ಯಾರು, ಕರ್ಮ ಯಾವುದು, ಕ್ರಿಯಾಪದ ಎಲ್ಲಿ ಅಡಗಿದೆ ಅಂತ ಹುಡುಕುತ್ತಿದ್ದಿರಿ. ಅದನ್ನೇ ಇಲ್ಲಿ ಮಾಡಿ.

ಮ್ಯಾಕ್‌ಬೆತ್ ರಂಗಕ್ಕೆ ಬಂದು ಆಡುವ ಮೊದಲ ಮಾತು: ‘ಸೋ ಫೌಲ್ ಆ್ಯಂಡ್ ಫೇರ್ ಎ ಡೇ ಐ ಹ್ಯಾವ್ ನಾಟ್ ಸೀನ್’. ಇಂಗ್ಲಿಷ್ ವ್ಯಾಕರಣ ಕಲಿತವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ‘ಐ’ ಮೊದಲು ಬರಬೇಕಿತ್ತಲ್ಲ? ಆದರೆ ಅದೇ ಕ್ರಮದಲ್ಲಿ ಕನ್ನಡದಲ್ಲಿ ಹೇಳಿ ನೋಡಿ: ಇಷ್ಟು ಕೆಟ್ಟ, ಇಷ್ಟು ಒಳ್ಳೆಯ ದಿನವನ್ನು ನಾನು ಕಂಡಿಲ್ಲ. ಒಂದು ಪದವನ್ನೂ ಆಚೀಚೆ ಮಾಡಬೇಕಾಗಿಲ್ಲ! ಕರ್ಮ ಮೊದಲು, ಕ್ರಿಯಾಪದ ಕೊನೆಗೆ. ನಾವು ಹುಟ್ಟಿದಾಗಿನಿಂದ ಹೀಗೇ ಮಾತಾಡುತ್ತಿದ್ದೇವೆ.

ಕೈಗೆ ಮೆತ್ತಿದ ರಕ್ತ ನೋಡಿ ಅವನು ಹೇಳುವ ಮಾತೂ ಹಾಗೆಯೇ. ‘ದಿ ಮಲ್ಟಿಟ್ಯೂಡಿನಸ್ ಸೀಸ್ ಇನ್‌ಕಾರ್ನಡೈನ್’ ಅನ್ನುವಲ್ಲಿ ಎಲ್ಲರೂ ಬೆವರುತ್ತಾರೆ. ಸಾಗರಗಳು ಕರ್ಮ, ‘ಇನ್‌ಕಾರ್ನಡೈನ್’ ಕ್ರಿಯಾಪದ. ಅದು ಮೂಲದಲ್ಲಿ ಮಾಂಸದ ಬಣ್ಣದ ಹೆಸರು. ಅದನ್ನು ಅವನು ಕ್ರಿಯಾಪದ ಮಾಡಿಕೊಂಡಿದ್ದಾನೆ, ನಾವು ಕೆಂಪನ್ನು ‘ಕೆಂಪಾಗಿಸು’ ಮಾಡುವ ಹಾಗೆ. ಡಿಕ್ಷನರಿ ನೋಡುವ ಮೊದಲು ಮುಂದಿನ ಸಾಲನ್ನೂ ಓದಿ. ‘ಮೇಕಿಂಗ್ ದಿ ಗ್ರೀನ್ ಒನ್ ರೆಡ್’. ಅರ್ಥವನ್ನು ಅವನೇ ಹೇಳಿಬಿಟ್ಟಿದ್ದಾನೆ! ಅಸಂಖ್ಯ ಸಾಗರಗಳನ್ನು ಅರುಣಮಯ ಮಾಡೀತು, ಹಸಿರನ್ನೆಲ್ಲ ಕೆಂಪು ಮಾಡೀತು ಅಂದ ಹಾಗೆ. ಮೊದಲು ಸಂಸ್ಕೃತದ ಗುಡುಗು, ಆಮೇಲೆ ಅಚ್ಚಗನ್ನಡ. ಇಂಗ್ಲಿಷಿನಲ್ಲೂ ನಮ್ಮ ತತ್ಸಮ, ದೇಶ್ಯಗಳ ಹಾಗೆ ಪದರಗಳಿವೆ. ಲ್ಯಾಟಿನ್, ಫ್ರೆಂಚ್ ಕಡೆಯಿಂದ ಬಂದ ಉದ್ದುದ್ದ ಪದಗಳು, ಮನೆಯೊಳಗಿನ ಚಿಕ್ಕ ಪದಗಳು. ದೊಡ್ಡ ಪದ ಬಂದಾಗ ಅಕ್ಕಪಕ್ಕದಲ್ಲಿ ಅದರ ಚಿಕ್ಕ ತಮ್ಮ ಇದ್ದಾನಾ ಅಂತ ನೋಡಿ. ಈ ನಾಟಕದಲ್ಲಿ ಅದೆಷ್ಟು ಸಲ ಇರುತ್ತಾನೋ! ಆ ಮಾತಿನ ಬೆನ್ನಿಗೇ ಹೆಂಡತಿ ಬಂದು ಏನನ್ನುತ್ತಾಳೆ? ಸ್ವಲ್ಪ ನೀರು ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾಳೆ. ಎಲ್ಲ ಪುಟ್ಟ ಪುಟ್ಟ ಪದಗಳು. ಪದಗಳ ಗಾತ್ರ ನೋಡಿದರೇ ಇಬ್ಬರ ಮನಸ್ಸು ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆಯಿರಿ.

‘ದೌ’ ಮತ್ತು ‘ಯು’ ವಿಷಯದಲ್ಲೂ ನಮಗೆ ಅನುಕೂಲ. ಇವತ್ತಿನ ಇಂಗ್ಲಿಷಿನವರಿಗೆ ಎಲ್ಲರೂ ‘ಯು’. ನಮಗೆ ನೀನು ಬೇರೆ, ನೀವು ಬೇರೆ, ಯಾವಾಗ ಯಾವುದು ಅಂತ ಮೈಗೇ ಗೊತ್ತು. ‘ದೌ’ ಬಂದರೆ ಕ್ರಿಯಾಪದದ ಬಾಲದಲ್ಲಿ ‘ಸ್ಟ್’ ಅಂಟಿಕೊಳ್ಳುವುದು ಕೂಡ, ನೀನು ಬಂದೆ, ನೀವು ಬಂದಿರಿ ಅನ್ನುವ ಹಾಗೇ. ಇದನ್ನು ಹೇಳಿಕೊಡಲು ನನಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಎಂದೂ ಬೇಕಾಗಿಲ್ಲ. ಲೇಡಿ ಮ್ಯಾಕ್‌ಬೆತ್ ಗಂಡ ಮನೆಗೆ ಬಂದ ಕೂಡಲೇ ‘ನಿನ್ನ ಕಾಗದ’ ಅನ್ನುತ್ತಾಳೆ, ಸ್ವಲ್ಪ ಹೊತ್ತಿಗೆ ‘ನಿಮ್ಮ ಮುಖ’ ಅನ್ನುತ್ತಾಳೆ. ನಮ್ಮ ನೀನು, ನೀವಿಗೆ ಅದು ಪೂರ್ತಿ ಹೊಂದುವುದಿಲ್ಲ. ಆದರೂ ಎಲ್ಲಿ ಬದಲಾಯಿತು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ, ಏನಾದರೂ ಸಿಕ್ಕೇ ಸಿಗುತ್ತದೆ.

ಇನ್ನು ನಿಜವಾಗಿ ಕಲಿಯಬೇಕಾದ ಪದಗಳು. ನಾಟಕದಲ್ಲಿ ಮತ್ತೆ ಮತ್ತೆ ತಲೆ ಎತ್ತುವವು, ಇಲ್ಲವೇ ಕತೆಯ ಕೀಲು ಆಗಿರುವವು. ನೂರಾ ಇಪ್ಪತ್ತು ಮೀರಬೇಡಿ. ಇವಕ್ಕೆ ಕನ್ನಡದ ಪದ ಹುಡುಕುವಾಗ ಡಿಕ್ಷನರಿಯ ಪದಕ್ಕೆ ತೃಪ್ತಿ ಪಡಬೇಡಿ. ನಿಮ್ಮ ಮನೆಯಲ್ಲಿ ಆಡುವ ಪದ ಸಿಗುವ ತನಕ ಹುಡುಕಿ.

‘ಅರ್ನೆಸ್ಟ್’ ತಗೊಳ್ಳಿ. ಶ್ರದ್ಧೆ ಅಂತ ಬರೆದುಕೊಂಡಿದ್ದೀರೋ ಏನೋ. ರಾಜನ ಕಡೆಯವರು ಬಂದು ಮ್ಯಾಕ್‌ಬೆತ್‌ಗೆ, ಮುಂದೆ ಬರುವ ದೊಡ್ಡ ಗೌರವಕ್ಕೆ ‘ಅರ್ನೆಸ್ಟ್’ ಆಗಿ ಕಾಡೋರ್‌ನ ಥೇನ್ ಪದವಿ ಕೊಟ್ಟಿದ್ದಾರೆ ಅನ್ನುತ್ತಾರೆ. ಅದು ವ್ಯಾಪಾರದ ಮಾತು. ಮನೆ ಬಾಡಿಗೆಗೆ, ಸೈಟಿಗೆ ಕೊಡುವ ಅಡ್ವಾನ್ಸ್. ಸ್ವಲ್ಪ ಹೊತ್ತಿನ ಮೇಲೆ ಮ್ಯಾಕ್‌ಬೆತ್ ತನ್ನಲ್ಲೇ, ಇದು ಕೆಟ್ಟದಾಗಿದ್ದರೆ ನನಗೆ ಮುಂಗಡ ಯಾಕೆ ಸಿಗುತ್ತಿತ್ತು ಅಂದುಕೊಳ್ಳುತ್ತಾನೆ. ಮಾಟಗಾತಿಯರು ಹೇಳಿದ್ದರಲ್ಲಿ ಒಂದು ನಿಜ ಆಯಿತು, ಅದೇ ಮುಂಗಡ. ನಮ್ಮ ಹಿರಿಯರು ಅಡ್ವಾನ್ಸಿಗೆ ಏನನ್ನುತ್ತಿದ್ದರು ಗೊತ್ತಾ? ಸಂಚಕಾರ. ಎತ್ತು ಕೊಳ್ಳುವಾಗ, ಜಮೀನು ಕೊಳ್ಳುವಾಗ ಸಂಚಕಾರ ಕೊಟ್ಟು ಮಾತು ಗಟ್ಟಿ ಮಾಡುತ್ತಿದ್ದರು. ಈಗ ಆ ಪದ ಪೇಪರಿನಲ್ಲಿ ಬರುವುದು ಬೇರೆ ಥರ: ಪ್ರಾಣಕ್ಕೆ ಸಂಚಕಾರ, ನೆಮ್ಮದಿಗೆ ಸಂಚಕಾರ. ಮುಂಗಡವೂ ಅದೇ, ಕುತ್ತೂ ಅದೇ. ಮ್ಯಾಕ್‌ಬೆತ್‌ಗೆ ಕೈಗೆ ಬಂದದ್ದು ಎರಡೂ ಅಲ್ವಾ? ಶೇಕ್ಸ್‌ಪಿಯರನಿಗೆ ಕನ್ನಡ ಬರುತ್ತಿದ್ದರೆ ಈ ಪದವನ್ನು ಬಿಡುತ್ತಿರಲಿಲ್ಲ. ಈ ಒಂದು ಪದ ಸಿಕ್ಕ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

‘ಥೇನ್’ ಕೂಡ ನೋಡಿ. ರಾಜನಿಂದ ನಾಡು ಪಡೆದು, ಯುದ್ಧ ಬಂದರೆ ಸೈನ್ಯ ತರುವವನು. ವಿಜಯನಗರದ ಕೈಕೆಳಗೆ ಯಲಹಂಕದ ನಾಡಪ್ರಭುಗಳು ಇದ್ದರಲ್ಲ, ಸರಿಸುಮಾರು ಹಾಗೆ. ಎಚ್.ಎಸ್. ಶಿವಪ್ರಕಾಶರು ಈ ಕತೆಯನ್ನು ಕನ್ನಡಕ್ಕೆ ತಂದಾಗ ಮ್ಯಾಕ್‌ಬೆತ್‌ಗೆ ‘ಮಾರನಾಯಕ’ ಅಂತ ಹೆಸರಿಟ್ಟರು. ಥೇನ್ ನಾಯಕನಾದ. ಇದಕ್ಕಿಂತ ಒಳ್ಳೆಯ ಟಿಪ್ಪಣಿ ಇಂಗ್ಲಿಷಿನಲ್ಲೂ ಸಿಗಲಾರದು.

‘ವಿಯರ್ಡ್ ಸಿಸ್ಟರ್ಸ್’ ಅನ್ನುವುದನ್ನು ವಿಚಿತ್ರ ಸೋದರಿಯರು ಅಂತ ಬರೆದಿದ್ದರೆ ಹೊಡೆದುಹಾಕಿ. ಹಳೆಯ ಇಂಗ್ಲಿಷಿನಲ್ಲಿ ‘ವಿರ್ಡ್’ ಅಂದರೆ ವಿಧಿ, ಹಣೆಬರಹ. ಅವರು ವಿಧಿಯ ಅಕ್ಕತಂಗಿಯರು. ವಿಚಿತ್ರ ಅನ್ನುವ ಅರ್ಥ ಆಮೇಲೆ ಬಂದದ್ದು.

ನಿದ್ದೆಯ ಬಗ್ಗೆ ಒಂದು ಸಾಲಿದೆ. ಚಿಂತೆಯ ‘ಸ್ಲೀವ್’ ಅನ್ನು ನಿದ್ದೆ ಹೆಣೆದು ಸರಿಮಾಡುತ್ತದೆ ಅಂತ. ಅಂಗಿಯ ತೋಳಲ್ಲ, ಕಾಗುಣಿತ ಸ್ವಲ್ಪ ಬೇರೆ. ಅದು ರೇಷ್ಮೆಯ ಬಿಡಿ ಎಳೆ, ಸಿಕ್ಕಾದದ್ದು. ರಾಮನಗರ, ಶಿಡ್ಲಘಟ್ಟದ ಕಡೆ ನೂಲು ತೆಗೆಯುವವರ ಮನೆ ನೋಡಿದ್ದರೆ ಇದನ್ನು ವಿವರಿಸಲೇ ಬೇಕಾಗಿಲ್ಲ. ಕೂದಲಿಗಿಂತ ಸಣ್ಣ ಎಳೆ ಸಿಕ್ಕಾದರೆ ಬಿಡಿಸುವ ಹೊತ್ತಿಗೆ ಪ್ರಾಣ ಹೋಗುತ್ತದೆ. ಚಿಂತೆ ಹಾಗೆ, ನಿದ್ದೆ ಅದನ್ನು ಬಿಡಿಸುತ್ತದೆ. ಮಲಗಿದ್ದ ರಾಜನನ್ನು ಕೊಂದ ಮ್ಯಾಕ್‌ಬೆತ್ ಆ ನಿದ್ದೆಯನ್ನೇ ಕೊಂದಿದ್ದಾನೆ.

ಇನ್ನು ‘ಇಕ್ವಿವೊಕೇಷನ್’. ಇಡೀ ನಾಟಕದ ಬೀಗದ ಕೈ ಇದು. ದ್ವಂದ್ವಾರ್ಥ ಅಂತ ಬರೆದುಕೊಂಡರೆ ಅರ್ಧ ಮಾತ್ರ ಸಿಕ್ಕಿತು. ಸುಳ್ಳು ಹೇಳದೆ ಮೋಸ ಮಾಡುವುದು. ಅಶ್ವತ್ಥಾಮ ಸತ್ತ ಅಂತ ಜೋರಾಗಿ ಹೇಳಿ, ಆನೆ ಅನ್ನುವುದನ್ನು ಮೆಲ್ಲಗೆ ಹೇಳಿದ ಧರ್ಮರಾಯ ಮಾಡಿದನಲ್ಲ, ಅದೇ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತು ಅನ್ನುತ್ತಾರೆ. ಲಂಡನ್ನಿನಲ್ಲಿ ಆ ಪದ ಆಗ ಬಿಸಿಬಿಸಿ ಸುದ್ದಿ. 1605ರ ನವೆಂಬರ್ 5ಕ್ಕೆ ಪಾರ್ಲಿಮೆಂಟನ್ನೇ ಮದ್ದಿಟ್ಟು ಸಿಡಿಸುವ ಸಂಚು ಬಯಲಾಯಿತು. ಅದರ ನಂಟಿನಲ್ಲಿ ಹೆನ್ರಿ ಗಾರ್ನೆಟ್ ಅನ್ನುವ ಪಾದ್ರಿಯ ವಿಚಾರಣೆ 1606ರಲ್ಲಿ ನಡೆದು ಮರಣದಂಡನೆ ಆಯಿತು. ಇಬ್ಬಗೆ ಮಾತಿನ ಮೇಲೇ ಅಲ್ಲಿ ಬಹಳ ವಾದ ನಡೆಯಿತು. ನಾಟಕದಲ್ಲಿ ಕುಡಿದ ಬಾಗಿಲು ಕಾಯುವವನು ‘ಇಕ್ವಿವೊಕೇಟರ್’ ಬಂದ ಅಂತ ಗೊಣಗಿದಾಗ ಜನ ಯಾಕೆ ನಕ್ಕಿರಬಹುದು ಅಂತ ಈಗ ಗೊತ್ತಾಯಿತಲ್ಲ. ಮಾಟಗಾತಿಯರ ಕಡೆಯಿಂದ ಬಂದ ಮಾತುಗಳೂ ಹಾಗೇ. ಹೆಣ್ಣು ಹೆತ್ತ ಯಾರಿಂದಲೂ ನಿನಗೆ ಕೆಡುಕಿಲ್ಲ ಅನ್ನುವ ಮಾತು ಹಿರಣ್ಯಕಶಿಪು ಪಡೆದ ವರದ ತಮ್ಮ. ಹಗಲೂ ಅಲ್ಲ, ಇರುಳೂ ಅಲ್ಲ, ಒಳಗೂ ಅಲ್ಲ, ಹೊರಗೂ ಅಲ್ಲ. ಸಂದಿ ಇದ್ದೇ ಇರುತ್ತದೆ. ಕೊನೆಗೆ ಮ್ಯಾಕ್‌ಬೆತ್‌ನನ್ನು ಕೊಲ್ಲುವ ಮ್ಯಾಕ್‌ಡಫ್ ಆ ಸಂದಿಯಲ್ಲಿ ಬರುತ್ತಾನೆ, ತಾಯಿಯ ಹೊಟ್ಟೆ ಸೀಳಿ ತೆಗೆದ ಮಗು ಅವನು.

ಎಲ್ಲಕ್ಕಿಂತ ಕಷ್ಟದ ಪದ ಯಾವುದು ಅಂತ ಕೇಳಿದರೆ ನಾನು ‘ಇಟ್’ ಅನ್ನುತ್ತೇನೆ. ತಮಾಷೆ ಅಲ್ಲ. ಮೊದಲ ಅಂಕದ ಏಳನೇ ದೃಶ್ಯದಲ್ಲಿ ಮ್ಯಾಕ್‌ಬೆತ್ ಒಬ್ಬನೇ ನಿಂತು, ಅದು ಮಾಡಿದಾಗ ಅದು ಮುಗಿದುಹೋಗುವುದಾದರೆ ಅದನ್ನು ಬೇಗ ಮಾಡಿಬಿಡುವುದು ಒಳ್ಳೆಯದು ಅನ್ನುತ್ತಾನೆ. ‘ಡನ್’ ಮೂರು ಸಲ ಬರುತ್ತದೆ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಪದಗಳು. ಅದು ಅಂದರೆ ಯಾವುದು? ಕೊಲೆ ಅನ್ನುವ ಪದ ಅವನ ಬಾಯಿಗೆ ಬರುತ್ತಿಲ್ಲ. ನಮ್ಮ ಮನೆಗಳಲ್ಲೂ ಕೆಟ್ಟದ್ದನ್ನು ಹೆಸರಿಟ್ಟು ಹೇಳುವುದಿಲ್ಲ, ‘ಅದು’ ಅಂತಾರೆ. ಎರಡನೇ ಸಾಲಿನ ಕೊನೆಗೆ ‘ಅಸ್ಯಾಸಿನೇಷನ್’ ಅನ್ನುತ್ತಾನೆ. ಅಲ್ಲೂ ಬರುವುದು ಕೊಲೆಗೆ ಇರುವ ಮಾಮೂಲಿ ಪದವಲ್ಲ, ಬಾಯಿ ತುಂಬ ದೊಡ್ಡ ಪದ. ಹೀಗೆ ನೋಡುವುದು ಬಂದರೆ ನಿಮ್ಮ ಪಟ್ಟಿ ತಾನಾಗೇ ಚಿಕ್ಕದಾಗುತ್ತದೆ.

ದಿನದ ಕೆಲಸ ಹೇಳುತ್ತೇನೆ. ಮೊದಲು ಕತೆಯನ್ನು ಪೂರ್ತಿ ತಿಳಿದುಕೊಳ್ಳಿ. ಕನ್ನಡದಲ್ಲಿ ಓದಿದರೆ ಪಾಪವೇನೂ ಇಲ್ಲ. ಡಿ.ವಿ.ಜಿ. ಈ ನಾಟಕವನ್ನು ಅನುವಾದ ಮಾಡಿದ್ದಾರೆ. 1895ರಷ್ಟು ಹಿಂದೆಯೇ ಎಂ.ಎಲ್. ಶ್ರೀಕಂಠೇಶಗೌಡರು ಇದನ್ನು ‘ಪ್ರತಾಪರುದ್ರದೇವ’ ಮಾಡಿದ್ದರು. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ ನೋಡಿ. ರಂಗಶಂಕರದಲ್ಲೋ ಕಲಾಕ್ಷೇತ್ರದಲ್ಲೋ ಯಾರಾದರೂ ಆಡುತ್ತಿದ್ದರೆ ಒಂದು ದಿನದ ಓದು ಬಿಟ್ಟಾದರೂ ಹೋಗಿ.

ಆಮೇಲೆ ಒಂದು ದೃಶ್ಯವನ್ನು ಡಿಕ್ಷನರಿ ಮುಟ್ಟದೆ ಜೋರಾಗಿ ಓದಿ. ಎಡವಿದ ಕಡೆ ಪೆನ್ಸಿಲ್ ಗೆರೆ ಹಾಕಿ, ಅಷ್ಟೇ. ಪದದ ತಲೆಯ ಮೇಲೆ ಕನ್ನಡ ಅರ್ಥ ಬರೆಯಬೇಡಿ. ಬರೆದರೆ ಕಣ್ಣು ಕನ್ನಡವನ್ನೇ ಓದಿಕೊಂಡು ಹೋಗುತ್ತದೆ, ಇಂಗ್ಲಿಷ್ ಅಲ್ಲೇ ಬಿದ್ದಿರುತ್ತದೆ. ಎರಡನೇ ಓದಿಗೆ ಟಿಪ್ಪಣಿ ನೋಡಿ. ಕಲಿಯಲೇಬೇಕಾದದ್ದು ನಾಲ್ಕೋ ಐದೋ ಸಿಗುತ್ತವೆ. ಒಂದೊಂದಕ್ಕೆ ಒಂದು ಚೀಟಿ. ಲಗ್ನಪತ್ರಿಕೆ ಕತ್ತರಿಸಿದರೆ ಒಳ್ಳೆಯ ಗಟ್ಟಿ ಚೀಟಿ ಆಗುತ್ತದೆ. ಮುಂದೆ ಇಡೀ ಸಾ‌ಲು ಬರೆದು ಆ ಪದದ ಜಾಗ ಖಾಲಿ ಬಿಡಿ. ಹಿಂದೆ ಪದ, ನಿಮ್ಮ ಮನೆಯ ಕನ್ನಡ, ಯಾರು ಯಾರಿಗೆ ಯಾವಾಗ ಹೇಳಿದ್ದು. ಹಿಂದೆ ತಿರುಗಿಸುವ ಮೊದಲು ನೆನಪಿಗೆ ತಂದುಕೊಳ್ಳಲು ಒದ್ದಾಡಿ. ಆ ಒದ್ದಾಟದಲ್ಲೇ ಪದ ಅಂಟುವುದು, ಸುಮ್ನೆ ನೋಡಿದರೆ ಅಂಟುವುದಿಲ್ಲ.

ಸರಿ ಹೇಳಿದ ಚೀಟಿಯನ್ನು ನಾಳೆ, ಮೂರು ದಿನ ಬಿಟ್ಟು, ವಾರ ಬಿಟ್ಟು, ಮೂರು ವಾರ ಬಿಟ್ಟು ನೋಡಿ. ತಪ್ಪಿದ್ದು ಮತ್ತೆ ನಾಳೆಯ ಕಟ್ಟಿಗೆ. ನಿಮಗೆ ಮೆಟ್ರೋ ಹಸಿರು ಮಾರ್ಗ ಹತ್ತಿರ ಇದೆ. ದಾಸರಹಳ್ಳಿಯಿಂದ ಮೆಜೆಸ್ಟಿಕ್ ಬರುವಷ್ಟರಲ್ಲಿ ಇಪ್ಪತ್ತು ಚೀಟಿ ಆರಾಮಾಗಿ ಮುಗಿಯುತ್ತವೆ. ಸೀಟು ಸಿಗದಿದ್ದರೂ ಚೀಟಿಗೆ ಒಂದು ಕೈ ಸಾಕು.

ಒಬ್ಬರೇ ಓದಬೇಡಿ. ಗಮಕ ಕೇಳಿದ್ದೀರಾ? ಒಬ್ಬರು ಪದ್ಯ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ವಾರಕ್ಕೆರಡು ಸಲ ಆ ಕಾನ್ವೆಂಟ್ ಗೆಳತಿಯ ಜೊತೆ ಕೂತುಕೊಳ್ಳಿ. ಅವರು ಇಂಗ್ಲಿಷಿನಲ್ಲಿ ಓದಲಿ, ನೀವು ಕನ್ನಡದಲ್ಲಿ ಬಿಡಿಸಿ. ಆಮೇಲೆ ಅದಲುಬದಲು ಮಾಡಿ. ನಿಮ್ಮ ಉಚ್ಚಾರ ಸುಧಾರಿಸುತ್ತದೆ, ಅವರಿಗೆ ಅರ್ಥ ಆಗುತ್ತದೆ.

ಪರೀಕ್ಷೆಯ ಉತ್ತರದಲ್ಲಿ ‘ಇನ್‌ಕಾರ್ನಡೈನ್’ ಥರದ ಪದವನ್ನು ನಿಮ್ಮ ಸ್ವಂತ ವಾಕ್ಯದಲ್ಲಿ ತುರುಕಬೇಡಿ. ನಿಮ್ಮ ಮಾತು ಸರಳವಾಗಿರಲಿ, ಅವನ ಸಾಲು ಉದ್ಧರಣ ಚಿಹ್ನೆಯೊಳಗಿರಲಿ.

ಕೊನೆಗೆ ಒಂದು ಪದ ನಿಮಗೇ ಬಿಡುತ್ತೇನೆ. ಮೊದಲ ಅಂಕದ ಎರಡನೇ ದೃಶ್ಯದಲ್ಲಿ ಮ್ಯಾಕ್‌ಬೆತ್ ಶತ್ರುವನ್ನು ‘ನೇವ್’ನಿಂದ ದವಡೆಯವರೆಗೆ ಸೀಳಿದ ಅಂತ ಗಾಯಗೊಂಡ ಸೈನಿಕ ವರದಿ ಮಾಡುತ್ತಾನೆ. ‘ಸೀಳಿದ’ ಅನ್ನುವುದಕ್ಕೆ ಅವನು ಬಳಸುವ ಪದ ‘ಅನ್‌ಸೀಮ್’, ಹೊಲಿಗೆ ಬಿಚ್ಚು ಅಂತ. ‘ನೇವ್’ ಅಂದರೆ ಇಂಗ್ಲಿಷಿನಲ್ಲಿ ಗಾಲಿಯ ನಡುವಿನ ಗುಂಬ. ಮೈಯಲ್ಲಿ ಅದು ಯಾವ ಜಾಗ? ಡಿಕ್ಷನರಿ ಬೇಡ. ಗಾಲಿಯ ಗುಂಬಕ್ಕೂ ಮೈಯ ಆ ಜಾಗಕ್ಕೂ ಸಂಸ್ಕೃತದಲ್ಲಿ ಒಂದೇ ಹೆಸರಿದೆ, ‘ನೇವ್’ ಅದರ ದೂರದ ಸಂಬಂಧಿ, ಕನ್ನಡದಲ್ಲೂ ನಾವು ಅದನ್ನು ದಿನಾ ಬಳಸುತ್ತೇವೆ. ‘ನಾ’ ಅಕ್ಷರದಿಂದ ಶುರುವಾಗುತ್ತದೆ.